ಎರಡು ಬಾಗಿಲಿನ ಡೇರೆ: ಕೊರಿಯಾದ ಯುದ್ಧಕೈದಿಗಳು ಮತ್ತು ಕೊಡಗಿನ ಜನರಲ್

ದಕ್ಷಿಣ ಕೊರಿಯಾದ ಆಗ್ನೇಯ ಮೂಲೆಯಲ್ಲಿರುವ ಗೊಜೆ ದ್ವೀಪ ಇಂದು ಹಡಗು ಕಟ್ಟುವವರ ಊರು. ಹಡಗುಕಟ್ಟೆಯ ಕೆಲಸಕ್ಕೆಂದು ಬಂದು ಇಲ್ಲಿ ನೆಲೆಸಿರುವ ನನಗೆ, ಊರಿನಿಂದ ಫೋನ್ ಮಾಡುವವರು ಚಳಿ, ಊಟ, ಭಾಷೆಗಳ ಬಗ್ಗೆಯೇ ಹೆಚ್ಚಾಗಿ ಕೇಳುತ್ತಾರೆ. ಅವುಗಳ ಬಗ್ಗೆ ಬರೆದವರು ಬಹಳ ಮಂದಿ ಇದ್ದಾರೆ. ನಾನು ಬರೆಯಬೇಕೆಂದುಕೊಂಡಿರುವುದು ಈ ಊರಿನ ನಡುಮಧ್ಯದಲ್ಲೇ, ಗೊಹ್ಯೊನ್ ಪೇಟೆಗೆ ಅಂಟಿಕೊಂಡಂತೆ ಇರುವ ಒಂದು ಹಳೆಯ ಸೆರೆಶಿಬಿರದ ಬಗ್ಗೆ. ಅದರ ಕಥೆಯ ಕೊನೆಯ ಭಾಗದಲ್ಲಿ ನಮ್ಮ ಕೊಡಗಿನವರೊಬ್ಬರು ಬರುತ್ತಾರೆ.

1950ರ ಜೂನ್ 25ರಂದು ಕೊರಿಯಾ ಯುದ್ಧ ಶುರುವಾಗಿ, ಸೆಪ್ಟೆಂಬರಿನಲ್ಲಿ ಅಮೆರಿಕದ ಪಡೆಗಳು ಇಂಚೊನ್‌ನಲ್ಲಿ ಇಳಿದ ಮೇಲೆ ಉತ್ತರ ಕೊರಿಯಾದ ಸೈನಿಕರು ಸಾವಿರ ಸಾವಿರ ಸಂಖ್ಯೆಯಲ್ಲಿ ಸೆರೆಸಿಕ್ಕರು. ಅವರನ್ನು ಮುಖ್ಯಭೂಮಿಯಿಂದ ದೂರ ಇಡಲು ವಿಶ್ವಸಂಸ್ಥೆಯ ಹೆಸರಿನಲ್ಲಿ ಹೋರಾಡುತ್ತಿದ್ದ ಸೇನೆ ಆರಿಸಿಕೊಂಡದ್ದು ಈ ದ್ವೀಪವನ್ನು. ಅತಿ ಹೆಚ್ಚು ಜನರಿದ್ದ ಕಾಲದಲ್ಲಿ ಇಲ್ಲಿ ಸುಮಾರು 1,50,000 ಉತ್ತರ ಕೊರಿಯನ್ನರೂ 20,000 ಚೀನೀಯರೂ ಮುಳ್ಳುತಂತಿಯ ಒಳಗಿದ್ದರು. ತಂತಿಯ ಹೊರಗೆ ಇನ್ನೊಂದು ಬಗೆಯ ಜನರಿದ್ದರು: 1950ರ ಡಿಸೆಂಬರಿನಲ್ಲಿ ಉತ್ತರದ ಹುಂಗ್‌ನಾಮ್ ಬಂದರಿನಿಂದ ಹಡಗುಗಳಲ್ಲಿ ಓಡಿಬಂದ ನಿರಾಶ್ರಿತರು. ‘ಮೆರೆಡಿತ್ ವಿಕ್ಟರಿ’ ಎಂಬ ಒಂದೇ ಸರಕು ಹಡಗು ಸುಮಾರು 14,000 ಜನರನ್ನು ಹೊತ್ತು ತಂದು ಇಲ್ಲಿ ಇಳಿಸಿತು. ಮುಂದೆ ಈ ದೇಶದ ಅಧ್ಯಕ್ಷರಾದ ಮೂನ್ ಜೆ-ಇನ್ ಅಂಥ ನಿರಾಶ್ರಿತ ದಂಪತಿಗಳಿಗೆ ಇದೇ ದ್ವೀಪದಲ್ಲಿ ಹುಟ್ಟಿದವರು. ಅಂದರೆ ಒಂದೇ ಪ್ರಾಂತ್ಯದ, ಕೆಲವೊಮ್ಮೆ ಒಂದೇ ಊರಿನ ಜನರೇ ತಂತಿಯ ಎರಡೂ ಕಡೆ ಇದ್ದರು. ಒಳಗಿದ್ದವನು ಶತ್ರು, ಹೊರಗಿದ್ದವನು ಆಶ್ರಿತ.

ಈಗ ಅಲ್ಲೊಂದು ಪಾರ್ಕ್ ಇದೆ. ಟಿಕೆಟ್ ಕೊಂಡು ಒಳಗೆ ಹೋದರೆ ಟ್ಯಾಂಕು, ಡೇರೆ, ಕೈದಿಗಳ ಬೊಂಬೆಗಳು, ಮುರಿದು ನಿಂತ ಹಳೆಯ ಕಲ್ಲುಗೋಡೆಗಳು ಕಾಣಿಸುತ್ತವೆ. ಪಕ್ಕದಲ್ಲೇ ಗುಡ್ಡ ಹತ್ತಿಸುವ ಮೋನೊರೈಲಿಗೆ ಮಕ್ಕಳು ಸಾಲುಗಟ್ಟಿರುತ್ತಾರೆ. ಇಂಥ ಜಾಗದಲ್ಲಿ ಮೋನೊರೈಲ್ ಬೇಕಿತ್ತೇ ಎಂದು ನನಗೆ ಅನ್ನಿಸುತ್ತದೆ. ಇಲ್ಲಿನವರಿಗೆ ಅದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ.

ಸೆರೆಶಿಬಿರವೆಂದರೆ ಕೈದಿಗಳ ಮೇಲೆ ಕಾವಲುಗಾರರ ಆಳ್ವಿಕೆ ಎಂದು ನಾವು ತಿಳಿಯುತ್ತೇವೆ. ಗೊಜೆಯಲ್ಲಿ ಹಾಗಿರಲಿಲ್ಲ. ಕಾವಲಿನವರ ಅಧಿಕಾರ ತಂತಿಯ ಬೇಲಿಗೇ ಮುಗಿಯುತ್ತಿತ್ತು, ಒಳಗೆ ಕೈದಿಗಳದ್ದೇ ರಾಜ್ಯ. ಒಂದೊಂದು ಆವರಣದಲ್ಲೂ ಸಾವಿರಾರು ಮಂದಿ. ಕೆಲವನ್ನು ಕಮ್ಯುನಿಸ್ಟರು ಆಳುತ್ತಿದ್ದರು, ಕೆಲವನ್ನು ಕಮ್ಯುನಿಸ್ಟ್ ವಿರೋಧಿಗಳು. ಎರಡೂ ಕಡೆ ರಾತ್ರಿ ಹೊತ್ತು ವಿಚಾರಣೆ, ಹೊಡೆತ, ಕೊಲೆ ನಡೆಯುತ್ತಿದ್ದವು. ಚೀನೀ ಕೈದಿಗಳಲ್ಲಿ ಅನೇಕರು ಮೊದಲು ಕಮ್ಯುನಿಸ್ಟರ ವಿರುದ್ಧ ಕಾದುತ್ತಿದ್ದ ಚಿಯಾಂಗ್ ಕೈ-ಶೇಕನ ಸೈನ್ಯದಲ್ಲಿದ್ದು, 1949ರ ಹೊತ್ತಿಗೆ ಸೋತು ಮಾವೋನ ಸೈನ್ಯಕ್ಕೆ ಸೇರಿಸಲ್ಪಟ್ಟವರು. ಅವರ ನಿಷ್ಠೆ ಒಮ್ಮೆ ಆಗಲೇ ಬದಲಾಗಿತ್ತು, ಅಥವಾ ಬದಲಾದಂತೆ ನಟಿಸಬೇಕಾಗಿತ್ತು. ಅವರ ಆವರಣಗಳಲ್ಲಿ ‘ಕಮ್ಯುನಿಸ್ಟರನ್ನು ವಿರೋಧಿಸು, ರಷ್ಯಾವನ್ನು ಎದುರಿಸು’ ಎಂಬ ಘೋಷಣೆಯನ್ನು ಕೈಯ ಮೇಲೆ, ಎದೆಯ ಮೇಲೆ ಹಚ್ಚೆ ಹಾಕಿಸಿಕೊಂಡವರಿದ್ದರು. ಇಷ್ಟಪಟ್ಟು ಹಾಕಿಸಿಕೊಂಡವರೂ ಇದ್ದರು, ಹಿಡಿದು ಹಾಕಿಸಲ್ಪಟ್ಟವರೂ ಇದ್ದರು. ಚುಚ್ಚಿದ ಮೇಲೆ ಎರಡು ಹಚ್ಚೆಗಳಲ್ಲಿ ಭೇದ ಉಳಿಯುವುದಿಲ್ಲ. ಅಂಥ ಹಚ್ಚೆ ಹೊತ್ತು ಮಾವೋನ ಚೀನಕ್ಕೆ ಮರಳುವುದೆಂದರೇನು ಎಂಬುದು ಹಾಕಿದವರಿಗೂ ಗೊತ್ತಿತ್ತು, ಹಾಕಿಸಿಕೊಂಡವರಿಗೂ ಗೊತ್ತಿತ್ತು.

ಕಮ್ಯುನಿಸ್ಟ್ ಆವರಣಗಳ ಕಥೆ ಇನ್ನೊಂದು ತರಹದ್ದು. 76ನೆಯ ಆವರಣದ ಕೈದಿಗಳು 1952ರ ಮೇ 7ರಂದು ಶಿಬಿರದ ಮುಖ್ಯಾಧಿಕಾರಿ ಬ್ರಿಗೇಡಿಯರ್ ಜನರಲ್ ಫ್ರಾನ್ಸಿಸ್ ಡಾಡ್ ಅವರನ್ನು, ಮಾತುಕತೆಗೆಂದು ಗೇಟಿನ ಬಳಿ ಬಂದಿದ್ದಾಗ ಒಳಕ್ಕೆ ಎಳೆದುಕೊಂಡು ಮೂರು ದಿನ ಒತ್ತೆಯಿಟ್ಟುಕೊಂಡರು. ಅವರನ್ನು ಬಿಡಿಸಲು ಅವರ ಜಾಗಕ್ಕೆ ಬಂದ ಅಧಿಕಾರಿ ಚಾರ್ಲ್ಸ್ ಕೋಲ್ಸನ್, ಕೈದಿಗಳು ಗುಂಡಿಗೆ ಬಲಿಯಾಗಿರುವುದನ್ನು ಒಪ್ಪುವ ಮತ್ತು ಮುಂದೆ ಮಾನವೀಯವಾಗಿ ನಡೆಸಿಕೊಳ್ಳುವ ಭರವಸೆ ಕೊಡುವ ಪತ್ರಕ್ಕೆ ಸಹಿ ಹಾಕಬೇಕಾಯಿತು. ಅಮೆರಿಕದ ಸೇನೆ ಇಬ್ಬರನ್ನೂ ಕರ್ನಲ್ ಹುದ್ದೆಗೆ ಇಳಿಸಿತು. ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಡಾಡ್ ಅಲ್ಲ, ಕೈದಿಗಳ ಪರವಾಗಿ ಮಾತಾಡಿದ ಹಿರಿಯ ಕರ್ನಲ್ ಲೀ ಹಾಕ್-ಕು. ಉತ್ತರ ಕೊರಿಯಾದ 13ನೆಯ ಡಿವಿಷನ್ನಿನ ಚೀಫ್ ಆಫ್ ಸ್ಟಾಫ್ ಆಗಿದ್ದ ಈತ 1950ರ ಸೆಪ್ಟೆಂಬರಿನಲ್ಲಿ ತಾನಾಗಿಯೇ ನಡೆದುಬಂದು ಅಮೆರಿಕನ್ನರಿಗೆ ಶರಣಾದವನು. ಹೊರಗೆ ಬಿಟ್ಟುಬಂದ ಪಕ್ಷಕ್ಕೆ ಸೆರೆಯೊಳಗೆ ಮುಖಂಡನಾದ. ಪಶ್ಚಾತ್ತಾಪವೋ, ಭಯವೋ, ಆ ಆವರಣದಲ್ಲಿ ಬದುಕುಳಿಯಲು ಅದೊಂದೇ ದಾರಿಯೋ, ಹೇಳುವುದು ಕಷ್ಟ.

ಈ ಹೊಡೆದಾಟಗಳ ಹಿಂದೆ ಇದ್ದದ್ದು ಒಂದು ಕಾನೂನಿನ ಪ್ರಶ್ನೆ. ಯುದ್ಧ ನಿಂತ ಕೂಡಲೇ ಕೈದಿಗಳನ್ನು ತಡಮಾಡದೆ ಬಿಡುಗಡೆ ಮಾಡಿ ಸ್ವದೇಶಕ್ಕೆ ಕಳಿಸಬೇಕೆಂದು 1949ರ ಜಿನೀವಾ ಒಪ್ಪಂದದ 118ನೆಯ ವಿಧಿ ಹೇಳುತ್ತದೆ. ಹೋಗಲು ಒಪ್ಪದವನನ್ನು ಏನು ಮಾಡಬೇಕೆಂದು ಅದು ಹೇಳುವುದಿಲ್ಲ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಪಾಶ್ಚಾತ್ಯ ರಾಷ್ಟ್ರಗಳು ಸೋವಿಯತ್ ಕೈದಿಗಳನ್ನು ಬಲವಂತವಾಗಿ ಸ್ಟಾಲಿನನ ಕೈಗೆ ಒಪ್ಪಿಸಿದ್ದವು. ಅವರಲ್ಲಿ ಅನೇಕರು ಅಲ್ಲಿಂದ ನೇರವಾಗಿ ಇನ್ನೊಂದು ಸೆರೆಗೆ ಹೋದರು. ಆ ತಪ್ಪು ಮರುಕಳಿಸಬಾರದೆಂದು ಅಮೆರಿಕದ ಅಧ್ಯಕ್ಷ ಟ್ರೂಮನ್ ಹಟ ಹಿಡಿದರು. ಅದರಲ್ಲಿ ಕರುಣೆಯೂ ಇತ್ತು, ಸಾವಿರಾರು ಕೈದಿಗಳು ಕಮ್ಯುನಿಸಮ್ಮನ್ನು ತಿರಸ್ಕರಿಸಿದರೆಂದು ಜಗತ್ತಿಗೆ ತೋರಿಸುವ ಆಸೆಯೂ ಇತ್ತು. 1952ರ ಏಪ್ರಿಲ್‌ನಲ್ಲಿ ಕೈದಿಗಳನ್ನು ಒಬ್ಬೊಬ್ಬರನ್ನಾಗಿ ಕೇಳಲಾಗಿ, ಸುಮಾರು 70,000 ಮಂದಿ ಮಾತ್ರ ಮರಳುವರೆಂಬ ಲೆಕ್ಕ ಬಂತು. 1,16,000ದ ಆಸುಪಾಸಿನ ಸಂಖ್ಯೆ ಕೇಳಿದ್ದ ಚೀನ ಮತ್ತು ಉತ್ತರ ಕೊರಿಯಾ ಕೆರಳಿದವು. ಕದನವಿರಾಮದ ಮಾತುಕತೆ ಈ ಒಂದು ವಿಷಯಕ್ಕೆ ಸುಮಾರು ಒಂದೂವರೆ ವರ್ಷ ಸಿಕ್ಕಿಕೊಂಡಿತು, ಅಷ್ಟೂ ಕಾಲ ಗುಡ್ಡಗಳ ಮೇಲೆ ಸೈನಿಕರು ಸಾಯುತ್ತಲೇ ಇದ್ದರು.

ಇಲ್ಲಿಂದ ಭಾರತ ಬರುತ್ತದೆ. ವಿ.ಕೆ. ಕೃಷ್ಣ ಮೆನನ್ ವಿಶ್ವಸಂಸ್ಥೆಯಲ್ಲಿ ಮುಂದಿಟ್ಟ ಸಂಧಾನಸೂತ್ರ 1952ರ ಡಿಸೆಂಬರಿನಲ್ಲಿ ಅಂಗೀಕಾರವಾಯಿತು. ಮರುವರ್ಷದ ಜೂನ್‌ನಲ್ಲಿ ಆದ ಒಪ್ಪಂದದ ಬೇರು ಅದರಲ್ಲಿತ್ತು. ಮರಳಲು ಒಪ್ಪದವರನ್ನು ಐದು ತಟಸ್ಥ ರಾಷ್ಟ್ರಗಳ ಆಯೋಗವೊಂದು ವಶಕ್ಕೆ ತೆಗೆದುಕೊಳ್ಳಬೇಕು, ಅವರವರ ದೇಶದ ಪ್ರತಿನಿಧಿಗಳು ಬಂದು 90 ದಿನಗಳೊಳಗೆ ಅವರಿಗೆ ತಿಳಿಹೇಳಲು ಅವಕಾಶವಿರಬೇಕು. ಸ್ವೀಡನ್, ಸ್ವಿಟ್ಜರ್‌ಲೆಂಡ್, ಪೋಲೆಂಡ್, ಜೆಕೊಸ್ಲೊವಾಕಿಯಾ ಸದಸ್ಯರಾದರೆ ಅಧ್ಯಕ್ಷತೆ ಭಾರತದ್ದು. ಅಧ್ಯಕ್ಷರಾಗಿ ಬಂದವರು ಮಡಿಕೇರಿಯ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಕಾವಲಿಗೆ ಮೇಜರ್ ಜನರಲ್ ಎಸ್.ಪಿ.ಪಿ. ಥೋರಾಟ್ ಅವರ ಕೈಕೆಳಗೆ ಸಾವಿರಾರು ಭಾರತೀಯ ಸೈನಿಕರು ಬಂದರು.

ತಿಮ್ಮಯ್ಯನವರಿಗೆ ಈ ಪ್ರಶ್ನೆ ಹೊಸದಾಗಿರಲಾರದು. ಎರಡನೆಯ ಮಹಾಯುದ್ಧದಲ್ಲಿ ಅವರು ಬ್ರಿಟಿಷ್ ಭಾರತೀಯ ಸೇನೆಯ ಅಧಿಕಾರಿಯಾಗಿ ಬರ್ಮಾದ ಅರಾಕಾನಿನಲ್ಲಿ ಜಪಾನೀಯರ ವಿರುದ್ಧ ಕಾದಿದರು. ಅವರ ಸೋದರ ಪೊನ್ನಪ್ಪ ಜಪಾನೀಯರ ಸೆರೆಗೆ ಸಿಕ್ಕಿ ಆಜಾದ್ ಹಿಂದ್ ಫೌಜ್ ಸೇರಿದ್ದರು. ಒಬ್ಬರು ಕೊಟ್ಟ ಮಾತಿಗೆ ನಿಂತರು, ಇನ್ನೊಬ್ಬರು ದೇಶಕ್ಕೆಂದು ಆ ಮಾತನ್ನು ಬಿಟ್ಟರು. ಕೊಡಗಿನಲ್ಲಿ ಇಬ್ಬರಲ್ಲಿ ಯಾರನ್ನೂ ದ್ರೋಹಿ ಎಂದು ಕರೆದದ್ದನ್ನು ನಾನು ಕೇಳಿಲ್ಲ. ಸೆರೆಯಲ್ಲಿ ಪಕ್ಷ ಬದಲಿಸಿದವನನ್ನು ದೂರದಿಂದ ತೂಗುವುದು ಸುಲಭ, ಮನೆಯವನೇ ಆಗಿದ್ದರೆ ತಕ್ಕಡಿ ಹಿಡಿಯುವ ಕೈ ಬೇರೆಯಾಗುತ್ತದೆ ಎಂದುಕೊಂಡು ನಾನು ಕೊರಿಯಾದ ಈ ಅಧ್ಯಾಯವನ್ನು ಓದುತ್ತೇನೆ.

ಭಾರತೀಯರ ಸ್ಥಿತಿ ಆರಂಭದಿಂದಲೇ ಇಕ್ಕಟ್ಟಿನದಾಗಿತ್ತು. 1953ರ ಜೂನ್ 18ರಂದು ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ, ಯಾರನ್ನೂ ಕೇಳದೆ ಸುಮಾರು 27,000 ಕಮ್ಯುನಿಸ್ಟ್ ವಿರೋಧಿ ಕೈದಿಗಳನ್ನು ಶಿಬಿರಗಳಿಂದ ಹೊರಬಿಟ್ಟಿದ್ದರು. ಭಾರತೀಯ ಸೈನಿಕರು ತಮ್ಮ ನೆಲದ ಮೇಲೆ ಕಾಲಿಡಕೂಡದೆಂದೂ ಅವರು ಪಟ್ಟು ಹಿಡಿದದ್ದರಿಂದ, ನಮ್ಮವರನ್ನು ಇಂಚೊನ್ ಬಂದರಿನ ಹಡಗಿನಿಂದ ಹೆಲಿಕಾಪ್ಟರ್‌ಗಳಲ್ಲಿ ಎತ್ತಿಕೊಂಡು ಹೋಗಿ ಉತ್ತರ-ದಕ್ಷಿಣಗಳ ನಡುವಿನ ಸೇನಾಮುಕ್ತ ವಲಯದಲ್ಲಿ ಇಳಿಸಬೇಕಾಯಿತು. ಅಲ್ಲಿ ಕಟ್ಟಿಕೊಂಡ ತಮ್ಮ ಶಿಬಿರಕ್ಕೆ ಅವರು ಹಿಂದ್ ನಗರ ಎಂದು ಹೆಸರಿಟ್ಟರು.

ಆ ಸೆಪ್ಟೆಂಬರಿನಲ್ಲಿ ಅವರ ವಶಕ್ಕೆ ಬಂದವರು ವಿಶ್ವಸಂಸ್ಥೆಯ ಕಡೆಯಿಂದ 22,604 ಕೈದಿಗಳು. ಅವರಲ್ಲಿ 14,704 ಚೀನೀಯರು, 7,900 ಉತ್ತರ ಕೊರಿಯನ್ನರು. ಕಮ್ಯುನಿಸ್ಟ್ ಕಡೆಯಿಂದ ಬಂದವರು 359: ಅವರಲ್ಲಿ 335 ಕೊರಿಯನ್ನರು, 23 ಅಮೆರಿಕನ್ನರು, ಒಬ್ಬ ಬ್ರಿಟಿಷ್. ತಿಳಿಹೇಳುವ ಕೆಲಸಕ್ಕೆ ಡೇರೆಗಳನ್ನು ಹಾಕಿದರು. ಕೈದಿಯನ್ನು ಒಳಗೆ ಕರೆತಂದು ಕೂರಿಸಬೇಕು, ಅವನ ದೇಶದ ಪ್ರತಿನಿಧಿ ಮಾತಾಡಬೇಕು, ಐದು ರಾಷ್ಟ್ರಗಳ ಸದಸ್ಯರು ನೋಡುತ್ತಿರಬೇಕು, ಕೊನೆಗೆ ಕೈದಿ ಎದ್ದು ಎರಡು ಬಾಗಿಲುಗಳಲ್ಲಿ ಒಂದರಿಂದ ಹೊರಗೆ ಹೋಗಬೇಕು. ಒಂದು ಮನೆಗೆ, ಇನ್ನೊಂದು ವಾಪಸ್ ಶಿಬಿರಕ್ಕೆ. ನಡೆದದ್ದೇ ಬೇರೆ. ಕೈದಿಗಳು ಘೋಷಣೆ ಕೂಗುತ್ತ ಬಂದರು, ಪ್ರತಿನಿಧಿಗಳ ಮೇಲೆ ಉಗುಳಿದರು. ಇಡೀ ಆವರಣಗಳೇ ಡೇರೆಗೆ ಬರಲು ನಿರಾಕರಿಸಿದವು. ಗೊಜೆಯಲ್ಲಿ ಬೆಳೆದಿದ್ದ ಒಳರಾಜ್ಯ ಇಲ್ಲಿಗೂ ಹಾಗೆಯೇ ಸ್ಥಳಾಂತರವಾಗಿತ್ತು. ಮರಳಬೇಕೆಂಬ ಮನಸ್ಸಿದ್ದವನು ರಾತ್ರಿ ತಂತಿ ಹಾರಿ ಭಾರತೀಯ ಕಾವಲಿನವನ ಬಳಿಗೆ ಓಡಬೇಕಿತ್ತು. ಗಲಭೆಗಳಲ್ಲಿ ನಮ್ಮ ಸೈನಿಕರು ಗುಂಡು ಹಾರಿಸಬೇಕಾಗಿ ಬಂದು ಕೆಲವು ಕೈದಿಗಳು ಸತ್ತರು. ಒಮ್ಮೆ ಕೈದಿಗಳು ಮೇಜರ್ ಗ್ರೇವಾಲ್ ಎಂಬ ಭಾರತೀಯ ಅಧಿಕಾರಿಯನ್ನು ಹಿಡಿದಿಟ್ಟುಕೊಂಡಾಗ ಥೋರಾಟ್ ತಾವೇ ಆವರಣದ ಒಳಕ್ಕೆ ನಡೆದುಹೋಗಿ, ಕೈದಿಗಳೊಡನೆ ಮಾತಾಡಿ ಅವರನ್ನು ಬಿಡಿಸಿ ತಂದರು. ಡಾಡ್ ಅವರ ಪ್ರಸಂಗವನ್ನು ನೆನೆದರೆ ಆ ಧೈರ್ಯದ ಬೆಲೆ ತಿಳಿಯುತ್ತದೆ.

ಡಿಸೆಂಬರ್ 23ಕ್ಕೆ ಗಡುವು ಮುಗಿಯುವ ಹೊತ್ತಿಗೆ ಬಹುಪಾಲು ಕೈದಿಗಳು ಆ ಡೇರೆಯನ್ನೇ ಕಂಡಿರಲಿಲ್ಲ. ಕೈದಿಗಳ ಸಂಘಟನೆಗಳು ಒತ್ತಾಯ ಹೇರುತ್ತಿದ್ದುದರಿಂದ ಸ್ವತಂತ್ರ ಆಯ್ಕೆ ನಡೆಯಿತೆನ್ನಲಾಗದು ಎಂಬ ಅಭಿಪ್ರಾಯಕ್ಕೆ ಭಾರತ, ಪೋಲೆಂಡ್, ಜೆಕೊಸ್ಲೊವಾಕಿಯಾ ಬಂದವು. ಸ್ವೀಡನ್, ಸ್ವಿಟ್ಜರ್‌ಲೆಂಡ್ ಒಪ್ಪಲಿಲ್ಲ. ತಿಮ್ಮಯ್ಯನವರು ಜನವರಿ 20ರಿಂದ, ಕೈದಿಗಳನ್ನು ಯಾವ ಕಡೆಯವರು ಒಪ್ಪಿಸಿದ್ದರೋ ಅವರ ವಶಕ್ಕೇ ಹಿಂದಿರುಗಿಸಿದರು. ಬಿಡುಗಡೆಯನ್ನು ತಾವು ಘೋಷಿಸಲಿಲ್ಲ, ಏಕೆಂದರೆ ಆಯೋಗಕ್ಕೆ ಆ ಅಧಿಕಾರವಿರಲಿಲ್ಲ. ಎರಡೂ ಕಡೆಯವರು ಭಾರತವನ್ನು ಬೈದರು. ಇದಕ್ಕಿಂತ ಪ್ರಾಮಾಣಿಕವಾದ ದಾರಿ ಅಲ್ಲಿ ಬೇರೆ ಇರಲಿಲ್ಲವೆಂದೇ ನನಗೆ ಅನ್ನಿಸುತ್ತದೆ. 22,604 ಜನರಲ್ಲಿ ಸ್ವದೇಶಕ್ಕೆ ಮರಳಿದವರು 628 ಮಾತ್ರ.

ನಮ್ಮ ವಿಭಾಗದ ಹಿರಿಯ ಸಹೋದ್ಯೋಗಿಯೊಬ್ಬರ ತಾಯಿ ಹುಂಗ್‌ನಾಮ್‌ನಿಂದ ಬಂದವರು. ಅವರ ಪಾಲಿಗೆ ಈ ಕಥೆಯಲ್ಲಿ ಗೊಂದಲವೇ ಇಲ್ಲ. “ಅಷ್ಟು ಜನ ಹಿಂದಿರುಗಲಿಲ್ಲ ಎಂದರೆ ಆ ದೇಶ ಎಂಥದ್ದೆಂದು ತಿಳಿಯುವುದಿಲ್ಲವೇ? ನಿಮ್ಮ ಜನರಲ್ ಇನ್ನೂ ಏನನ್ನು ಹುಡುಕುತ್ತಿದ್ದರು?” ಎಂದು ಅವರು ಕೇಳಿದರು. ಎಲ್ಲವನ್ನೂ ಬಿಟ್ಟು ಓಡಿಬಂದ ಮನೆಯಲ್ಲಿ ಬೆಳೆದವರಿಗೆ ಆ ಪ್ರಶ್ನೆ ಕೇಳುವ ಹಕ್ಕಿದೆ. ನಾನು ತಿರುಗಿ ಕೇಳಿದ್ದು ದಕ್ಷಿಣದ ಜೈಲುಗಳಲ್ಲೇ ಇದ್ದವರ ಬಗ್ಗೆ. ತಾನು ನಂಬಿದ ಕಮ್ಯುನಿಸಮ್ಮನ್ನು ತ್ಯಜಿಸಿದ್ದೇನೆಂದು ಬರೆದುಕೊಟ್ಟಿದ್ದರೆ ಹೊರಬರಬಹುದಾಗಿದ್ದ ಕಿಮ್ ಸೊನ್-ಮ್ಯೊಂಗ್, ಬರೆದುಕೊಡದೆ 1951ರಿಂದ 1995ರವರೆಗೆ ಸೆರೆಯಲ್ಲಿದ್ದರು. ಅಂಥ 63 ಮಂದಿಯನ್ನು 2000ದ ಸೆಪ್ಟೆಂಬರಿನಲ್ಲಿ ಉತ್ತರಕ್ಕೆ ಕಳಿಸಿದಾಗ ಅಲ್ಲಿ ವೀರರ ಸ್ವಾಗತ ಸಿಕ್ಕಿತು. ಸಹೋದ್ಯೋಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಚೊ ಚಾಂಗ್-ಹೊ ಅವರನ್ನೂ ಎಣಿಸಿ ಎಂದರು. 1951ರಲ್ಲಿ ಸೆರೆಸಿಕ್ಕ ದಕ್ಷಿಣದ ಆ ಲೆಫ್ಟಿನೆಂಟನನ್ನು ಉತ್ತರ ಹಿಂದಿರುಗಿಸಲೇ ಇಲ್ಲ. 1994ರಲ್ಲಿ ಚೀನದ ಮೂಲಕ ತಪ್ಪಿಸಿಕೊಂಡು ಬಂದರು. ಸಹೋದ್ಯೋಗಿಯ ಮಾತು ನ್ಯಾಯವಾದದ್ದು, ಎಣಿಸಲೇಬೇಕು.

ಮರಳಿದವರ ಗತಿಯೂ ಸುಖವಾಗಿರಲಿಲ್ಲ. ಕದನವಿರಾಮದ ನಂತರ ಚೀನಕ್ಕೆ ಹೋದ ಸುಮಾರು 7,000 ಮಂದಿ ಶರಣಾದದ್ದಕ್ಕೇ ಅನುಮಾನಕ್ಕೆ ಗುರಿಯಾದರು. ಪಕ್ಷದಿಂದ ಹೊರಹಾಕಲ್ಪಟ್ಟವರಿಗೆ ಮರ್ಯಾದೆ ಹಿಂದಿರುಗಲು 1980 ಬರಬೇಕಾಯಿತು. ಚಿಯಾಂಗನ ತೈವಾನಿಗೆ ಹೋದ 14,000ಕ್ಕೂ ಹೆಚ್ಚು ಮಂದಿಯನ್ನು ಮೆರವಣಿಗೆಯಲ್ಲಿ ಬರಮಾಡಿಕೊಂಡರು, ಆದರೆ ಊರು, ಹೆಂಡತಿ, ತಂದೆತಾಯಿ ಕಡಲಿನ ಆಚೆ ಉಳಿದರು. ಅಮೆರಿಕನ್ನರಲ್ಲಿ ಮನಸ್ಸು ಬದಲಿಸಿ ಡೇರೆಗಳ ಕಾಲದಲ್ಲೇ ಹಿಂದಿರುಗಿದ ಎಡ್ವರ್ಡ್ ಡಿಕೆನ್ಸನ್ ಮತ್ತು ಕ್ಲಾಡ್ ಬ್ಯಾಚೆಲರ್ ಅವರಿಗೆ ಅವರದೇ ಸೇನೆ ಜೈಲು ಶಿಕ್ಷೆ ಕೊಟ್ಟಿತು. ಉಳಿದ 21 ಮಂದಿಯಲ್ಲಿ ಮೆಂಫಿಸ್‌ನ ಕಪ್ಪು ಸೈನಿಕ ಕ್ಲಾರೆನ್ಸ್ ಆಡಮ್ಸ್ ಇದ್ದರು. ಊರಿನಲ್ಲಿ ತಾವು ಉಂಡ ವರ್ಣಭೇದವೇ ತಮ್ಮನ್ನು ಚೀನದಲ್ಲಿ ಉಳಿಸಿತೆಂದು ಹೇಳಿದ ಅವರು 1966ರಲ್ಲಿ ಕುಟುಂಬದೊಡನೆ ಅಮೆರಿಕಕ್ಕೇ ಮರಳಿದರು. ಸ್ವತಂತ್ರ ಆಯ್ಕೆಯನ್ನು ಎದುರಾಳಿಗಳ ಕೈದಿಗಳಿಗೆ ಅಷ್ಟು ಹಟದಿಂದ ದೊರಕಿಸಿಕೊಟ್ಟ ಅಮೆರಿಕ, ತನ್ನವರು ಅದೇ ಆಯ್ಕೆ ಮಾಡಿದಾಗ ಅವರನ್ನು ದ್ರೋಹಿಗಳೆಂದಿತು. ಅದಕ್ಕೇ ನನಗೆ ಈ ಇಡೀ ಪ್ರಕರಣದಲ್ಲಿ ಟ್ರೂಮನ್‌ರ ತತ್ತ್ವ ಸರಿಯೆನಿಸಿದರೂ ಅದನ್ನು ಹಿಡಿದವರ ಕೈ ಶುದ್ಧವೆನಿಸುವುದಿಲ್ಲ.

88 ಮಂದಿ ಮಾತ್ರ ಎರಡೂ ಕಡೆ ಬೇಡವೆಂದರು: 76 ಕೊರಿಯನ್ನರು, 12 ಚೀನೀಯರು. ತಟಸ್ಥ ದೇಶಕ್ಕೆ ಹೋಗುತ್ತೇವೆಂದ ಅವರನ್ನು ಭಾರತೀಯ ಪಡೆ ತನ್ನೊಡನೆ ಹಡಗಿನಲ್ಲಿ ಕರೆದುಕೊಂಡು 1954ರ ಫೆಬ್ರವರಿಯಲ್ಲಿ ಮದರಾಸಿಗೆ ಬಂದಿಳಿಯಿತು. ಸಹೋದ್ಯೋಗಿಯ ಮಾತಿನಲ್ಲಿ ಅವರು ಯಾವ ದೇಶಕ್ಕೂ ಸಲ್ಲದವರು. ನಾನು ಹಾಗೆ ನೋಡುವುದಿಲ್ಲ: ಹುಟ್ಟಿದ ಊರು ಉತ್ತರದಲ್ಲಿದ್ದು ಅಲ್ಲಿನ ಸರಕಾರ ಬೇಡವಾದವನಿಗೆ ದಕ್ಷಿಣವೂ ಸೆರೆಶಿಬಿರವಾಗಿಯೇ ಪರಿಚಯವಾಗಿದ್ದರೆ, ಅವನು ಮೂರನೆಯ ದಾರಿ ಕೇಳಿದ್ದರಲ್ಲಿ ದೇಶಪ್ರೇಮದ ಕೊರತೆ ಎಲ್ಲಿದೆ? ಅವರಲ್ಲಿ ಹೆಚ್ಚಿನವರು 1956ರ ಸುಮಾರಿಗೆ ಬ್ರೆಜಿಲ್ ಮತ್ತು ಅರ್ಜೆಂಟೀನಾಕ್ಕೆ ಹೋದರು. ಕೆಲವರು ಭಾರತದಲ್ಲೇ ಉಳಿದು ಕೋಳಿಸಾಕಣೆಯಿಂದ ಬದುಕು ಕಟ್ಟಿಕೊಂಡರು.