ಸ್ಯಾಟ್ ಎನ್‌ಪಿ-ಕಂಪ್ಲೀಟ್ ಅಂದಮೇಲೆ ಆಟೋಮೇಟೆಡ್ ರೀಸನಿಂಗ್ ಯಾಕೆ ಓದಬೇಕು?

ಎಲೆಕ್ಟಿವ್ ಆರಿಸುವ ಹೊತ್ತಿಗೆ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳು ತಪ್ಪದೇ ಕೇಳುವ ಪ್ರಶ್ನೆ: "ಸ್ಯಾಟ್ ಎನ್‌ಪಿ-ಕಂಪ್ಲೀಟ್ ಅಂತ ಸ್ಟೀಫನ್ ಕುಕ್ 1971ರಲ್ಲೇ ತೋರಿಸಿದ್ದಾರಲ್ಲ, ಮತ್ತೆ ಈ ಕೋರ್ಸ್ ಯಾಕೆ? ತಗೊಂಡರೆ ಎಲ್ಲಿಂದ ಶುರು ಮಾಡೋದು?"

ಸ್ಯಾಟ್ ಅಂದರೆ, ನಿಜ-ಸುಳ್ಳು ವೇರಿಯಬಲ್‌ಗಳಿರುವ ತರ್ಕಸೂತ್ರವೊಂದನ್ನು ನಿಜವಾಗಿಸುವ ಬೆಲೆಗಳಿವೆಯೇ ಎಂಬ ಪ್ರಶ್ನೆ. ಎನ್‌ಪಿ-ಕಂಪ್ಲೀಟ್ ಅಂದರೆ, ಎಲ್ಲ ಸಂದರ್ಭಕ್ಕೂ ವೇಗವಾಗಿ ಬಿಡಿಸುವ ವಿಧಾನ ಯಾರಿಗೂ ಗೊತ್ತಿಲ್ಲದ ಕಷ್ಟದ ಸಮಸ್ಯೆ. ಇಂಥ ತರ್ಕವನ್ನು ಕಂಪ್ಯೂಟರಿನಿಂದ ಮಾಡಿಸುವುದೇ ಆಟೋಮೇಟೆಡ್ ರೀಸನಿಂಗ್. ಕುಕ್ ಅವರ ಮಾತು ಅತಿ ಕೆಟ್ಟ ಸಂದರ್ಭಕ್ಕೆ ಸಂಬಂಧಿಸಿದ್ದು. ಚಿಪ್ ಅಥವಾ ಪ್ರೋಗ್ರಾಂ ಪರಿಶೀಲನೆಯಿಂದ ಹುಟ್ಟುವ ಸೂತ್ರಗಳಲ್ಲಿ ಲಕ್ಷಗಟ್ಟಲೆ ವೇರಿಯಬಲ್‌ಗಳಿದ್ದರೂ ಎಷ್ಟೋ ಸಲ ನಿಮಿಷಗಳಲ್ಲಿ ಉತ್ತರ ಸಿಗುತ್ತದೆ. 1962ರ ಡಿಪಿಎಲ್‌ಎಲ್ ವಿಧಾನ ಎಡವಿದಲ್ಲೆಲ್ಲ ಒಂದು ಹೆಜ್ಜೆ ಹಿಂದೆ ಸರಿದು ಮತ್ತೆ ಹುಡುಕುತ್ತಿತ್ತು. 1996ರ ಗ್ರಾಸ್ಪ್ ಎಂಬ ಸಾಲ್ವರ್ (ಸ್ಯಾಟ್ ಬಿಡಿಸುವ ಪ್ರೋಗ್ರಾಂ) ಎಡವಿದ ಕಾರಣವನ್ನೇ ಹೊಸ ಕ್ಲಾಸ್ ("ಅಥವಾ"ಗಳಿಂದ ಜೋಡಿಸಿದ ಒಂದು ಷರತ್ತು) ಆಗಿ ಬರೆದಿಟ್ಟುಕೊಂಡು, ಆ ಕಾರಣ ಇರುವಷ್ಟು ದೂರ ಹಿಂದಕ್ಕೆ ಹಾರಿತು. ಅದೇ ತಪ್ಪು ಮತ್ತೆ ಆಗದಂತೆ ಆ ಕ್ಲಾಸ್ ಕಾಯುತ್ತದೆ. ಈ ವಿಷಯದ ಸೊಗಸೆಲ್ಲ ಅಲ್ಲಿದೆ.

ಶುರು ಮಾಡುವುದು ಮಾತ್ರ ಸಾಲ್ವರ್ ಒಳಗಿಂದ ಅಲ್ಲ, ಎನ್‌ಕೋಡಿಂಗ್‌ನಿಂದ. ಅಂದರೆ ಸಮಸ್ಯೆಯನ್ನು ಕ್ಲಾಸ್‌ಗಳಾಗಿ ಬರೆಯುವುದರಿಂದ. ಸುಡೊಕು ತಗೊಳ್ಳಿ. ಒಂದು ಮನೆಯಲ್ಲಿ ಒಂದು ಅಂಕಿ ಇದೆಯೋ ಇಲ್ಲವೋ ಎಂಬುದಕ್ಕೆ ಒಂದು ವೇರಿಯಬಲ್. 9×9×9, ಒಟ್ಟು 729. ಅದರ ಸಂಖ್ಯೆ: 81×(ಅಡ್ಡಸಾಲು−1) + 9×(ಕಂಬಸಾಲು−1) + ಅಂಕಿ. ಮೊದಲ ಅಡ್ಡಸಾಲಿನ ಮೂರನೇ ಮನೆಯಲ್ಲಿ 5 ಕೊಟ್ಟಿದ್ದರೆ ಡಿಮ್ಯಾಕ್ಸ್ ಫೈಲಿನಲ್ಲಿ (ಸಾಲ್ವರ್ ಓದುವ ರೂಪ) "23 0" ಎಂದು ಬರೆಯಬೇಕು. ಆ 0 ಕ್ಲಾಸ್ ಮುಗಿಯಿತು ಎಂಬ ಗುರುತು. ಲೂಪನ್ನು ಸೊನ್ನೆಯಿಂದ ಎಣಿಸಿ 0 ಎಂಬ ವೇರಿಯಬಲ್ ಸೃಷ್ಟಿಸಿದರೆ ಕ್ಲಾಸ್ ನಡುವೆಯೇ ತುಂಡಾಗುತ್ತದೆ, ಉತ್ತರ ಕೆಡುತ್ತದೆ.

ಪ್ರತಿ ಮನೆಗೆ "ಕನಿಷ್ಠ ಒಂದು ಅಂಕಿ" ಎಂಬ 81 ಕ್ಲಾಸ್. ಒಂದೇ ಅಂಕಿ ಸಾಲು, ಕಂಬ, ಚೌಕಗಳಲ್ಲಿ ಎರಡು ಸಲ ಬರಬಾರದು ಎನ್ನಲು 27 ಗುಂಪು × 9 ಅಂಕಿ × 36 ಜೋಡಿ ಮನೆ = 8,748. ಒಟ್ಟು 8,829, ಜೊತೆಗೆ ಕೊಟ್ಟ ಅಂಕಿಗಳು. ಹೊಸಬರು ಬಹಳ ಸಲ ಬಿಡುವುದು ಆ 81ನ್ನೇ. ಆಗ ಸಾಲ್ವರ್ ಉಳಿದ ವೇರಿಯಬಲ್‌ಗಳನ್ನೆಲ್ಲ ಸುಳ್ಳು ಮಾಡಿ "ಸ್ಯಾಟ್" (ಪರಿಹಾರ ಇದೆ) ಎನ್ನುತ್ತದೆ, ಖಾಲಿ ಮನೆಗಳು ಖಾಲಿಯೇ ಉಳಿಯುತ್ತವೆ. ನಾವು ಬರೆದದ್ದಕ್ಕೆ ಅದು ಸರಿಯಾದ ಉತ್ತರವೇ! ಹಾಗಾಗಿ "ಸ್ಯಾಟ್" ಎಂಬ ಪದ ನೋಡಿ ನಿಲ್ಲಬೇಡಿ, ಉತ್ತರವನ್ನು ಮತ್ತೆ ಚೌಕದಲ್ಲಿ ತುಂಬಿ ನೋಡಿ. ಪರಿಹಾರ ಒಂದೇ ಇದೆಯೇ ಎಂದು ತಿಳಿಯಲು, ಸಿಕ್ಕ 81 ಅಂಕಿಗಳನ್ನು ಅಲ್ಲಗಳೆಯುವ ಒಂದು ಕ್ಲಾಸ್ ಸೇರಿಸಿ ಮತ್ತೆ ಓಡಿಸಿ. "ಅನ್‌ಸ್ಯಾಟ್" (ಪರಿಹಾರ ಇಲ್ಲ) ಬಂದರೆ ಒಂದೇ.

ಆಮೇಲೆ ಪಾರಿವಾಳಗಳು. 11 ಪಾರಿವಾಳ, 10 ಗೂಡು, ಗೂಡಿಗೆ ಒಂದೇ. ಆಗದು ಎಂದು ಮಗುವೂ ಹೇಳುತ್ತದೆ, ಆದರೆ ಗೂಡು ಒಂದೊಂದೇ ಹೆಚ್ಚಿಸುತ್ತ ಮಿನಿಸ್ಯಾಟ್ ಎಂಬ ಸಾಲ್ವರ್ ಓಡಿಸಿದರೆ ಸಮಯ ಗುಣಿಸುತ್ತ ಬೆಳೆಯುತ್ತದೆ. ರೆಸಲ್ಯೂಷನ್‌ನಲ್ಲಿ (ಎರಡು ಕ್ಲಾಸ್‌ಗಳಿಂದ ಹೊಸದೊಂದನ್ನು ಪಡೆಯುವ, ಇಂಥ ಸಾಲ್ವರ್‌ಗಳ ಹಿಂದಿರುವ ತರ್ಕವಿಧಾನ) ಇದರ ಪುರಾವೆ ಘಾತೀಯವಾಗಿ ಉದ್ದವಾಗಲೇಬೇಕು ಎಂದು ಅರ್ಮಿನ್ ಹಾಕನ್ 1985ರಲ್ಲಿ ತೋರಿಸಿದರು. ಸಾಲ್ವರ್‌ಗೆ ಎಣಿಸಲು ಬರುವುದಿಲ್ಲ, ಪಾರಿವಾಳಗಳೆಲ್ಲ ಒಂದೇ ಎಂಬುದೂ ತಿಳಿಯದು. "ಮೊದಲ ಪಾರಿವಾಳ ಮೊದಲ ಗೂಡಿಗೆ" ಎಂಬಂಥ ಕ್ಲಾಸ್‌ಗಳನ್ನು ನಾವೇ ಸೇರಿಸಿ ಸಮ್ಮಿತಿ ಮುರಿದರೆ ಎಷ್ಟು ಬದಲಾಗುತ್ತದೆ ಎಂದು ಅಳೆದು ನೋಡಿ.

ಮೂರನೆಯದು ಝಡ್3, ಸಂಖ್ಯೆಗಳ ಬಗ್ಗೆಯೂ ತರ್ಕಿಸಬಲ್ಲ ಸಾಲ್ವರ್. ಬೈನರಿ ಸರ್ಚ್‌ನ ಮಧ್ಯಬಿಂದು (ಅ+ಬ)/2 ಪರೀಕ್ಷಿಸಿ: 0 ≤ ಅ ≤ ಬ ಇದ್ದಾಗ ಫಲಿತ ಅ-ಗಿಂತ ಕಡಿಮೆಯಾಗಬಹುದೇ? ಇಂಟ್ ಎಂದು ಘೋಷಿಸಿದರೆ "ಅನ್‌ಸ್ಯಾಟ್", ಯಾಕೆಂದರೆ ಅವು ಮಿತಿಯಿಲ್ಲದ ಗಣಿತದ ಪೂರ್ಣಾಂಕಗಳು. 32 ಬಿಟ್‌ನ ಬಿಟ್‌ವೆಕ್ಟರ್ (ಕಂಪ್ಯೂಟರಿನಲ್ಲಿರುವಂಥ, ಮಿತಿಯಿರುವ ಪೂರ್ಣಾಂಕ) ಎಂದು ಬದಲಿಸಿದರೆ "ಸ್ಯಾಟ್". ಉದಾಹರಣೆಗೆ ಎರಡೂ 1,07,37,41,824 ಆದಾಗ ಮೊತ್ತ ಉಕ್ಕಿ −2,14,74,83,648 ಆಗುತ್ತದೆ, ಮಧ್ಯಬಿಂದು ಋಣಾತ್ಮಕ. ಈಗ ಅ + (ಬ−ಅ)/2 ಎಂದು ತಿದ್ದಿ ಮತ್ತೆ ಕೇಳಿ: "ಅನ್‌ಸ್ಯಾಟ್". ಈ ಸಲ 32 ಬಿಟ್‌ನ ಯಾವ ಜೋಡಿಗೂ ಅದು ಎಡವುವುದಿಲ್ಲ.