ಸರ್ಫಿಂಗ್ ಕಲಿಕೆ: ಮಳೆಯ ಎರಡು ದಿನ, ಒಂದು ಹಠಮಾರಿ ಮಂಡಿ

ಮೊದಲು ಹಳೇ ಲೆಕ್ಕ. ಈವರೆಗೆ ಐದು ಸೆಷನ್ ಆಗಿತ್ತು. ಆಗಲೇ ಒಡೆದು ದಡದ ಕಡೆ ಉರುಳಿ ಬರುವ ನೊರೆ ಅಲೆಯಲ್ಲಿ ಬೋರ್ಡಿನ ಮೇಲೆ ಎದ್ದು ನಿಲ್ಲುವುದು ಬಂದಿತ್ತು. ಆದರೆ ಪ್ರತಿ ಸಲವೂ ಹಿಂದಿನ ಕಾಲಿನ ಮಂಡಿ ಮೊದಲು ಬೋರ್ಡಿಗೆ ತಾಗುತ್ತಿತ್ತು. ಮಂಡಿ ಊರಿ, ಒಂಚೂರು ಯೋಚಿಸಿ, ಆಮೇಲೆ ಏಳುವುದು. ನೆಲದ ಮೇಲೆ ತುಂಬಾ ಹೊತ್ತು ಕೂತವರು ಏಳುತ್ತಾರಲ್ಲ, ಹಾಗೆ. ನೊರೆ ಅಲೆಯಲ್ಲಿ ಇದು ಹೇಗೋ ನಡೆಯುತ್ತದೆ. ಇನ್ನೂ ಒಡೆಯದ ಅಲೆಯಲ್ಲಿ ನಡೆಯುವುದಿಲ್ಲ. ನಾನು ಮಂಡಿ ಊರುವಷ್ಟರಲ್ಲಿ ಬೋರ್ಡಿನ ಮೂತಿ ನೀರಿಗೆ ಚುಚ್ಚಿಕೊಂಡಿರುತ್ತದೆ, ನಾನು ತಲೆಕೆಳಗಾಗಿರುತ್ತೇನೆ.

ಹಾಗಾಗಿ ಈ ವಾರಾಂತ್ಯಕ್ಕೆ ಇಟ್ಟುಕೊಂಡ ಗುರಿ ಒಂದೇ. ಮಂಡಿ ಊರದೆ ಏಳಬೇಕು. ಒಂದು ಸಲವಾದರೂ ಸಾಕು.

ಗುರುವಾರ ರಾತ್ರಿ ಮುನ್ಸೂಚನೆ ನೋಡಿದರೆ ಎರಡೂ ದಿನ ಮಳೆ. ರೂಮ್ ಬುಕ್ ಆಗಿತ್ತು, ರಜೆ ಬೇರೆ ಸಿಗುವ ಹಾಗಿರಲಿಲ್ಲ. ಬೇಡ ಅಂದುಬಿಡೋಣ ಅನ್ನುವಷ್ಟರಲ್ಲಿ ತಮ್ಮ ಕೇಳಿದ, "ಅಕ್ಕಾ, ಹೇಗಿದ್ರೂ ನೆನೆಯೋಕೆ ತಾನೇ ಹೋಗ್ತಿರೋದು?" ಅವನು ನೀರಿಗೆ ಇಳಿಯುವವನಲ್ಲ. ದಡದಲ್ಲಿ ಕೂತು ನನ್ನ ಲೆಕ್ಕ ಬರೆಯುತ್ತಾನೆ, ವಿಡಿಯೋ ಮಾಡುತ್ತಾನೆ, ಮನಸ್ಸು ಬಿಚ್ಚಿ ನಗುತ್ತಾನೆ. ಅವನ ಮಾತು ಸರಿಯೇ ಇತ್ತು. ಆದರೆ ಅದು ಅರ್ಧ ಮಾತ್ರ ಸರಿ ಅಂತ ಆಮೇಲೆ ಗೊತ್ತಾಯಿತು.

ಮಳೆಯ ಚಿತ್ರ ಬಿಟ್ಟು ನಾನು ನೋಡುವುದು ಮೂರು ಅಂಕಿ: ಅಲೆಯ ಎತ್ತರ, ಎರಡು ಅಲೆಗಳ ನಡುವಿನ ಸೆಕೆಂಡು, ಗಾಳಿ. ಶನಿವಾರಕ್ಕೆ ಒಂದು ಮೀಟರ್, 6 ಸೆಕೆಂಡು, ಮಧ್ಯಾಹ್ನದಿಂದ ಕಡಲ ಕಡೆಯಿಂದ ಗಾಳಿ. ಭಾನುವಾರಕ್ಕೆ 0.8 ಮೀಟರ್, 11 ಸೆಕೆಂಡು, ಗಾಳಿ ಇಲ್ಲವೇ ಇಲ್ಲ ಅನ್ನಬಹುದು. ಶುರುವಿನಲ್ಲಿ ನಾನು ಎತ್ತರ ಮಾತ್ರ ನೋಡುತ್ತಿದ್ದೆ. ಈಗ ಸೆಕೆಂಡೇ ಮೊದಲು. ಆಳ ಕಡಲಿನಲ್ಲಿ 6 ಸೆಕೆಂಡಿನ ಅಲೆಯ ಉದ್ದ ಸುಮಾರು 56 ಮೀಟರ್. 11 ಸೆಕೆಂಡಿನದ್ದು ಹತ್ತಿರ ಹತ್ತಿರ 190 ಮೀಟರ್. ಮೊದಲನೆಯದು ಹತ್ತಿರದ ಗಾಳಿ ಎಬ್ಬಿಸಿದ್ದು, ಒಂದರ ಬೆನ್ನಿಗೆ ಒಂದು ಗಲಾಟೆ ಮಾಡಿಕೊಂಡು ಬರುತ್ತದೆ. ಎರಡನೆಯದು ಎಲ್ಲೋ ದೂರದ ಬಿರುಗಾಳಿಯಲ್ಲಿ ಹುಟ್ಟಿ, ದಾರಿಯಲ್ಲಿ ಸಾಲುಗಟ್ಟಿಕೊಂಡು ಬಂದಿರುತ್ತದೆ. ದೂರ ಅಂದರೆ ನಿಜಕ್ಕೂ ದೂರ. 1963ರಲ್ಲಿ ಕಡಲ ವಿಜ್ಞಾನಿ ವಾಲ್ಟರ್ ಮಂಕ್ ಮತ್ತು ಅವರ ತಂಡ ಅಂಟಾರ್ಕ್ಟಿಕಾ ಕಡೆಯ ಬಿರುಗಾಳಿಗಳಿಂದ ಹೊರಟ ಅಲೆಗಳನ್ನು ಇಡೀ ಪೆಸಿಫಿಕ್ ದಾಟಿಸಿ ಅಲಾಸ್ಕದವರೆಗೆ ಅಳೆದಿದ್ದರು. ಅಷ್ಟು ದೂರ ನಡೆದು ಬಂದ ಅಲೆಯ ಮೇಲೆ ನಾನು ಮಂಡಿ ಊರುತ್ತೇನೆ. ಇರಲಿ.

ಶನಿವಾರ ಬೆಳಿಗ್ಗೆ, ಆರನೇ ಸೆಷನ್

ರೂಮಿನ ಎದುರಿಗೇ ಕಡಲು. ಆದರೆ ಅಲ್ಲಿ ಒಂದು ಹಳ್ಳ ಬಂದು ಸೇರುತ್ತದೆ. ರಾತ್ರಿಯಿಡೀ ಸುರಿದಿದ್ದಕ್ಕೆ ನೀರು ಕೆಂಪಗೆ, ತೆಂಗಿನ ಗರಿ, ಪ್ಲಾಸ್ಟಿಕ್ ಬಾಟಲಿ, ಒಂದು ಚಪ್ಪಲಿ, ಎಲ್ಲ ತೇಲುತ್ತಿತ್ತು. ತಮ್ಮನ ಮಾತು ಅರ್ಧವೇ ಸರಿ ಅಂದಿದ್ದು ಇದಕ್ಕೆ. ಮೇಲಿಂದ ಬೀಳುವ ನೀರು ತೊಂದರೆಯಲ್ಲ, ಊರನ್ನೆಲ್ಲ ತೊಳೆದುಕೊಂಡು ಹರಿದು ಬರುವ ನೀರು ತೊಂದರೆ. ಜೋರು ಮಳೆಯಾದ ಮೇಲೆ ಹಳ್ಳ, ಮೋರಿ ಸೇರುವ ಜಾಗದಲ್ಲಿ 72 ಗಂಟೆ ಇಳಿಯಬೇಡಿ ಅಂತ ಕ್ಯಾಲಿಫೋರ್ನಿಯಾ ಕಡಲತೀರಗಳಲ್ಲಿ ಎಚ್ಚರಿಕೆ ಕೊಡುತ್ತಾರೆ. ಅಲ್ಲಿಯ ಮಾತು ಇಲ್ಲಿಗೂ ಅಷ್ಟೇ. ಹೊಟ್ಟೆ ಎಲ್ಲ ಕಡೆ ಒಂದೇ ಅಲ್ವಾ.

ಹಾಗಾಗಿ ಎಂಟು ಅಡಿಯ ಬಾಡಿಗೆ ಫೋಮ್ ಬೋರ್ಡ್ ಹೊತ್ತುಕೊಂಡು ಇಪ್ಪತ್ತು ನಿಮಿಷ ನಡೆದು ದಡದ ಇನ್ನೊಂದು ತುದಿಗೆ ಹೋದೆವು. ಬೋರ್ಡ್ ಭಾರವಿಲ್ಲ, ಆದರೆ ಗಾಳಿಗೆ ಅದು ಬಾಗಿಲಿನಷ್ಟು ಅಗಲ. ಅಡ್ಡ ಗಾಳಿ ಬೀಸಿದಾಗಲೆಲ್ಲ ನಾನು ಬೋರ್ಡನ್ನು ಹೊತ್ತಿದ್ದೆನೋ ಬೋರ್ಡು ನನ್ನನ್ನು ತಿರುಗಿಸುತ್ತಿತ್ತೋ ಗೊತ್ತಾಗಲಿಲ್ಲ. ತಮ್ಮನ ಕೊಡೆ ಮೊದಲ ಐದು ನಿಮಿಷದಲ್ಲೇ ಉಲ್ಟಾ ಆಯಿತು. ಆಮೇಲೆ ಅವನು ಅದನ್ನು ಕೋಲಿನ ಹಾಗೆ ಊರಿಕೊಂಡು ನಡೆದ.

ಇಳಿಯುವ ಮುಂಚೆ ಹತ್ತು ನಿಮಿಷ ಸುಮ್ನೆ ನಿಂತು ನೋಡುವುದು ಈಗ ಅಭ್ಯಾಸ. ಅಲೆ ಎಲ್ಲಿ ಒಡೆಯುತ್ತಿದೆ, ಎಲ್ಲಿ ಒಡೆಯುತ್ತಿಲ್ಲ. ಎರಡು ನೊರೆಪಟ್ಟಿಗಳ ನಡುವೆ ಸ್ವಲ್ಪ ಕಪ್ಪಗೆ, ಸಮತಟ್ಟಾಗಿ, ಇಲ್ಲಿಗೆ ಬಾ ಅಂತ ಕರೆಯುವ ಹಾಗೆ ಕಾಣುವ ಜಾಗವಿದೆಯಲ್ಲ, ಅದೇ ರಿಪ್ ಕರೆಂಟ್. ದಡಕ್ಕೆ ಬಂದ ನೀರು ಒಳಗೆ ವಾಪಸ್ ಹೋಗುವ ದಾರಿ. ಸಿಕ್ಕಿಹಾಕಿಕೊಂಡರೆ ಅದರ ಎದುರು ಈಜಬಾರದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬರಬೇಕು. ಪಳಗಿದ ಸರ್ಫರ್‌ಗಳು ಅದನ್ನೇ ಒಳಗೆ ಹೋಗಲು ಲಿಫ್ಟ್ ಮಾಡಿಕೊಳ್ಳುತ್ತಾರೆ. ನಾನು ಅಷ್ಟು ಪಳಗಿಲ್ಲ. ಅದರಿಂದ ದೂರವೇ ಇಳಿದೆ.

ಸೆಷನ್ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. 6 ಸೆಕೆಂಡಿನ ಅಲೆ ಅಂದರೆ ಉಸಿರು ತೆಗೆದುಕೊಳ್ಳಲೂ ಬಿಡದ ಅಲೆ. ಒಂದರಿಂದ ಎದ್ದರೆ ಮುಖಕ್ಕೆ ಇನ್ನೊಂದು. ಒಂದು ಸಲ ಬಿದ್ದು, ಮೇಲೆ ಬರುವಾಗ ಕೈ ತಲೆಯ ಮೇಲೆ ಇಡಲು ಮರೆತೆ. ಕಾಲಿಗೂ ಬೋರ್ಡಿಗೂ ಕಟ್ಟಿರುವ ಹಗ್ಗ, ಅಂದರೆ ಲೀಷ್, ರಬ್ಬರಿನ ಹಾಗೆ ಎಳೆದು ಬೋರ್ಡನ್ನು ವಾಪಸ್ ಚಿಮ್ಮಿಸಿತು, ಕಿವಿಯ ಪಕ್ಕದಲ್ಲೇ ಹಾದುಹೋಯಿತು. ವೆಟ್‌ಸೂಟಿಗೆ (ನೀರಿನಲ್ಲಿ ಮೈ ಬೆಚ್ಚಗಿಡುವ ಬಿಗಿ ರಬ್ಬರ್ ಉಡುಪು) ಹೆಸರಾದ ಜ್ಯಾಕ್ ಓನೀಲ್ 1971ರಲ್ಲಿ ಎಡಗಣ್ಣು ಕಳೆದುಕೊಂಡದ್ದು ಹೀಗೇ ಲೀಷ್ ಚಿಮ್ಮಿಸಿದ ಬೋರ್ಡಿನಿಂದ. ಆಮೇಲೆ ಆ ದಿನ ಪ್ರತಿ ಸಲ ಬಿದ್ದಾಗಲೂ ಎರಡೂ ಕೈ ತಲೆ ಮೇಲೆ, ತಪ್ಪದೆ.

ತಮ್ಮನ ನೋಟ್‌ಬುಕ್ಕಿನಲ್ಲಿ ಪೆನ್ನಿನ ಶಾಯಿ ಹರಡಿ ಮೊದಲ ಪುಟ ನೀಲಿ ಕಲೆಯಾಯಿತು. ಪೆನ್ಸಿಲ್‌ಗೆ ಬದಲಾಯಿಸಿದ. ಲೆಕ್ಕ ಹೀಗಿತ್ತು: 17 ಪ್ರಯತ್ನ, 6 ಸಲ ನಿಂತೆ. ಆರರ ಎದುರಿಗೂ "ಮಂ" ಅಂತ ಬರೆದಿದ್ದ. ಮಂಡಿ.

ಶನಿವಾರ ಮಧ್ಯಾಹ್ನ, ನೀರಿಲ್ಲದ ಸೆಷನ್

ಗುಡುಗು. ಮಳೆಯಲ್ಲಿ ಸರ್ಫ್ ಮಾಡಬಹುದು, ಗುಡುಗಿನಲ್ಲಿ ಮಾಡುವ ಹಾಗಿಲ್ಲ. ಬಯಲು ನೀರಿನ ಮೇಲೆ ಎತ್ತರದ ವಸ್ತು ನಾವೇ ಆಗಿರುತ್ತೇವೆ. ಕೊನೆಯ ಗುಡುಗು ಕೇಳಿ 30 ನಿಮಿಷವಾದ ಮೇಲೆ ಇಳಿಯಬೇಕು ಅನ್ನುವುದು ನಿಯಮ. ತಮ್ಮ ಫೋನಿನಲ್ಲಿ ಟೈಮರ್ ಇಟ್ಟ. 22 ನಿಮಿಷಕ್ಕೆ ಗುಡುಗಿತು. ಮತ್ತೆ ಇಟ್ಟ. 27ಕ್ಕೆ ಗುಡುಗಿತು. ನಾಲ್ಕನೇ ಸಲಕ್ಕೆ ಟೈಮರ್ ಬಿಟ್ಟು ಬೆಳಗಿನ ವಿಡಿಯೋ ತೆಗೆದ.

ಇಡೀ ಪ್ರವಾಸದಲ್ಲಿ ನನಗೆ ಜಾಸ್ತಿ ಕಲಿಸಿದ್ದು ಆ ಒಂದು ಗಂಟೆ.

ನನ್ನ ಮಂಡಿಯಲ್ಲೇ ಏನೋ ದೋಷವಿದೆ, ಸೊಂಟ ಬಿಗಿ, ವಯಸ್ಸಾಯಿತು ಅಂತೆಲ್ಲ ಅಂದುಕೊಂಡಿದ್ದೆ. ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದರೆ ಬೇರೆಯೇ ಕಥೆ. ಏಳುವ ಮುಂಚೆ ನನ್ನ ಅಂಗೈಗಳು ಭುಜಕ್ಕಿಂತ ಮುಂದಿವೆ, ಬೋರ್ಡಿನ ಅಂಚನ್ನು ಗಟ್ಟಿಯಾಗಿ ಹಿಡಿದಿವೆ. ಅಲ್ಲಿಂದ ಒತ್ತಿದರೆ ಎದೆ ಏಳುತ್ತದೆ, ಸೊಂಟ ಬೋರ್ಡಿಗೇ ಅಂಟಿಕೊಂಡಿರುತ್ತದೆ. ಸೊಂಟ ಏಳದಿದ್ದರೆ ಕಾಲು ಒಳಗೆ ಬರಲು ಜಾಗವೆಲ್ಲಿ? ಮಂಡಿ ಊರಲೇಬೇಕು. "ಅಕ್ಕಾ, ಇಲ್ಲಿ ಕಣ್ಣು ನೋಡು," ಅಂದ ತಮ್ಮ. ಆರಕ್ಕೆ ಆರು ಸಲವೂ ನಾನು ನನ್ನ ಪಾದಗಳನ್ನೇ ನೋಡುತ್ತಿದ್ದೆ, ಅವು ಬರುತ್ತವೋ ಇಲ್ಲವೋ ಅಂತ. ತಲೆ ಬಗ್ಗಿದರೆ ಭಾರವೆಲ್ಲ ಮುಂದಕ್ಕೆ.

ಇನ್ನೊಂದು ತಪ್ಪೂ ಕಂಡಿತು. ಬೋರ್ಡಿನ ಮೇಲೆ ಮಲಗಿ, ಅದನ್ನು ಮುಂದೆ ಓಡಿಸಲು ನೀರಿನಲ್ಲಿ ಕೈ ಬೀಸುತ್ತೇವಲ್ಲ, ಅಲೆ ಹಿಂದಿನಿಂದ ಎತ್ತಿದ ಕೂಡಲೇ ನಾನು ಅದನ್ನು ನಿಲ್ಲಿಸುತ್ತಿದ್ದೆ. ಸುಮಾರಾಗಿ ಒಂದು ಮೀಟರ್ ಅಲೆ 1.3 ಮೀಟರ್ ಆಳದ ನೀರಿನಲ್ಲಿ ಒಡೆಯುತ್ತದೆ. ಅಲ್ಲಿ ಅದರ ಓಟ ಗಂಟೆಗೆ 13 ಕಿಲೋಮೀಟರಿಗೆ ಕಮ್ಮಿಯಿಲ್ಲ. ನನ್ನ ಕೈ ಬೀಸಿನ ವೇಗ ಅದರ ಅರ್ಧವೂ ಇಲ್ಲ. ಹಾಗಾಗಿ ಎತ್ತಿದಂತಾದ ಮೇಲೂ ಇನ್ನೂ ಎರಡು ಸಲ ಬೀಸಬೇಕು. ಆಗ ಬೋರ್ಡು ಇಳಿಜಾರಿಗೆ ಜಾರಿ, ತಾನಾಗಿ ಓಡಲು ಶುರುಮಾಡುತ್ತದೆ. ಓಡುವ ಬೋರ್ಡಿನ ಮೇಲೆ ಏಳುವುದು ಸುಲಭ, ನಿಂತ ಸೈಕಲ್ಲಿಗಿಂತ ಓಡುವ ಸೈಕಲ್ ಮೇಲೆ ಕೂರುವುದು ಸುಲಭವಾದ ಹಾಗೆ.

ರೂಮಿನ ನೆಲದ ಮೇಲೆ ಚಾಪೆ ಹಾಸಿ, ಮಧ್ಯಕ್ಕೆ ಟೇಪ್ ಅಂಟಿಸಿದೆವು. ಅಂಗೈ ಕೊನೆಯ ಪಕ್ಕೆಲುಬಿನ ಪಕ್ಕ, ಅಂಚು ಹಿಡಿಯದೆ ಚಪ್ಪಟೆ. ಕಣ್ಣು ಎದುರು ಗೋಡೆಯ ಸ್ವಿಚ್ ಬೋರ್ಡಿನ ಮೇಲೆ. ಒತ್ತು, ಸೊಂಟ ಎತ್ತು, ಎಡಗಾಲು ಎರಡು ಕೈಗಳ ನಡುವೆ. ಅರವತ್ತು ಸಲ. ಮೂವತ್ತರ ಹೊತ್ತಿಗೆ ಕೆಳಗಿನ ಮಹಡಿಯವರು ಬಂದು ಏನಾದರೂ ಬಿತ್ತಾ ಅಂತ ಕೇಳಿದರು. "ನಮ್ಮಕ್ಕ," ಅಂದ ತಮ್ಮ.

ಭಾನುವಾರ ಬೆಳಿಗ್ಗೆ, ಏಳನೇ ಸೆಷನ್

ಒದ್ದೆ ವೆಟ್‌ಸೂಟ್ ಹಾಕಿಕೊಳ್ಳುವುದಕ್ಕಿಂತ ಕೆಟ್ಟ ಕೆಲಸ ಸರ್ಫಿಂಗ್‌ನಲ್ಲಿ ಇನ್ನೊಂದಿಲ್ಲ. ನನ್ನದು 3/2, ಅಂದರೆ ಮೈ ಭಾಗ 3 ಮಿಲಿಮೀಟರ್, ಕೈಕಾಲು 2 ಮಿಲಿಮೀಟರ್. ನೀರು ಬೆಚ್ಚಗಿದ್ದರೂ ಮಳೆಗಾಳಿಗೆ ಎರಡು ಗಂಟೆ ಕೂತರೆ ನಡುಕ ಬರುತ್ತದೆ, ಅದಕ್ಕೇ ಇದು. ಒಣಗಿದ್ದಾಗ ಕಾಲು ಜಾರಿ ಒಳಗೆ ಹೋಗುತ್ತದೆ. ಒದ್ದೆಯಾದರೆ ಹಿಮ್ಮಡಿಯ ಹತ್ತಿರ ಬಂದು ಹಟ ಹಿಡಿಯುತ್ತದೆ. ಉಪಾಯ ಹಳೆಯದು: ಪಾದಕ್ಕೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ತೂರಿಸಿ, ಆಮೇಲೆ ಚೀಲ ಎಳೆದುಬಿಡುವುದು. ಸರ್ರನೆ ಹೋಯಿತು. ಕೈಗೂ ಅದೇ ಚೀಲ.

ದಡಕ್ಕೆ ಹೋದರೆ ಸಣ್ಣ ಮಳೆ, ಗಾಳಿ ಪೂರ್ತಿ ಸತ್ತಿತ್ತು. ನೀರಿನ ಮೇಲೆ ಪುಟ್ಟ ಅಲೆಗಳ ಗರಗಸವೇ ಇರಲಿಲ್ಲ, ಎಣ್ಣೆ ಸವರಿದ ಹಾಗೆ ನುಣುಪು. ಮಳೆ ಬಿದ್ದರೆ ಕಡಲು ಸಮಾಧಾನವಾಗುತ್ತದೆ ಅಂತ ಹಡಗಿನವರು ಹೇಳುತ್ತಿದ್ದ ಮಾತನ್ನು 19ನೇ ಶತಮಾನದಲ್ಲೇ ವಿಜ್ಞಾನಿ ಆಸ್ಬರ್ನ್ ರೆನಾಲ್ಡ್ಸ್ ಪರೀಕ್ಷಿಸಿದ್ದರು. ಹನಿಗಳು ಮೇಲಿನ ನೀರನ್ನು ಕೆಳಗಿನ ನೀರಿನ ಜೊತೆ ಕಲಕಿ, ಸಣ್ಣ ಅಲೆಗಳನ್ನು ಕುಗ್ಗಿಸುತ್ತವೆ. ದೊಡ್ಡ ಅಲೆಗೆ ಏನೂ ಆಗುವುದಿಲ್ಲ. ನನಗೆ ಬೇಕಾದದ್ದೂ ಅದೇ.

ಬೋರ್ಡಿನ ಮೇಲೆ ಮಲಗಿ ಕಾಯುವಾಗ ಗಲ್ಲ ನೀರಿನ ಮಟ್ಟಕ್ಕಿರುತ್ತದೆ. ಅಷ್ಟು ಹತ್ತಿರದಿಂದ ಮಳೆ ನೋಡಿದ್ದು ಇದೇ ಮೊದಲು. ಪ್ರತಿ ಹನಿ ಬಿದ್ದ ಕಡೆ ಒಂದು ಸಣ್ಣ ಗುಂಡಿ, ಮರುಕ್ಷಣ ಅದರಿಂದ ಒಂದು ಕಂಬ ಮೇಲೆದ್ದು, ತುದಿಯಲ್ಲಿ ಮಣಿಯೊಂದು ಕಳಚಿ ಬೀಳುತ್ತದೆ. ಕಣ್ಣು ಹಾಯಿಸಿದಷ್ಟು ದೂರ ಇಂಥ ಸಾವಿರಾರು ಕಂಬಗಳು. ಅದನ್ನೇ ನೋಡುತ್ತಾ ಎರಡು ಒಳ್ಳೆಯ ಅಲೆ ಬಿಟ್ಟೆ. ದಡದಿಂದ ತಮ್ಮ ಎರಡೂ ಕೈ ಮೇಲೆತ್ತಿ ಏನೋ ಕೂಗುತ್ತಿದ್ದ.

ನೊರೆ ಅಲೆಯಲ್ಲಿ ಮೊದಲ ನಾಲ್ಕರಲ್ಲಿ ಎರಡು ಸಲ ಬಿದ್ದೆ, ಎರಡು ಸಲ ಎದ್ದೆ. ಮಂಡಿ ಇಲ್ಲ! ಎದ್ದಿದ್ದು ನನಗೇ ಗೊತ್ತಾಗುವಷ್ಟರಲ್ಲಿ ಬೋರ್ಡು ಮರಳಿಗೆ ಬಂದಿತ್ತು. ಏಳನೆಯದಕ್ಕೆ ಸ್ವಲ್ಪ ಒಳಗೆ ಹೋಗಿ, ಒಡೆಯದ ಅಲೆಗೆ ಕಾದೆ. ಪಕ್ಕದಲ್ಲಿ ಒಬ್ಬರಿದ್ದರು, ಅಲೆ ಒಡೆಯುವ ಜಾಗಕ್ಕೆ ನನಗಿಂತ ಹತ್ತಿರ. ಹಾಗಾಗಿ ಮೊದಲನೆಯದು ಅವರದ್ದು, ನಿಯಮ ಅದೇ. ಎರಡನೆಯದು ಬಂತು. ಹಿಂದಿನಿಂದ ಎತ್ತಿತು. ಒಂದು ಬೀಸು, ಎರಡು ಬೀಸು. ಬೋರ್ಡಿನ ಕೆಳಗೆ ಸದ್ದು ಬದಲಾಯಿತು, ಚಪಚಪ ಹೋಗಿ ಸುಯ್ಯ್ ಅಂತ ಶುರುವಾಯಿತು. ಅಂಗೈ ಪಕ್ಕೆಗೆ. ದಡದಲ್ಲಿ ಸ್ವಿಚ್ ಬೋರ್ಡ್ ಇರಲಿಲ್ಲ, ಕೆಟ್ಟುಹೋದ ಕೊಡೆ ಇತ್ತು. ಅದನ್ನೇ ನೋಡಿದೆ. ನಿಂತಿದ್ದೆ.

ನಾಲ್ಕು ಸೆಕೆಂಡು ಅಂತ ವಿಡಿಯೋ ಹೇಳುತ್ತದೆ. ನೇರ ದಡಕ್ಕೆ ಹೋದೆ, ತಿರುಗಿಸಲು ಬರಲಿಲ್ಲ, ಕೈಗಳು ಬಾವಲಿಯ ಹಾಗೆ ಚಾಚಿಕೊಂಡಿದ್ದವು. ಆದರೂ ನಾಲ್ಕು ಸೆಕೆಂಡು.

ಭಾನುವಾರದ ಲೆಕ್ಕ: 14 ಪ್ರಯತ್ನ, 8 ಸಲ ನಿಂತೆ, ಅದರಲ್ಲಿ 5 ಮಂಡಿಯಿಲ್ಲದೆ. ಕೊನೆಯ ನಾಲ್ಕು ಸಾಲು ಮಾತ್ರ ಹೀಗಿದೆ: ಮಂ, ಮಂ, ಬಿದ್ದಳು, ಮಂ. ತೋಳು ಸೋತ ಮೇಲೆ ಅಂಗೈ ತಾನಾಗಿ ಮುಂದಕ್ಕೆ ಸರಿದಿದೆ, ಹಳೇ ಚಾಳಿ ವಾಪಸ್ ಬಂದಿದೆ. ಹತ್ತಕ್ಕೇ ನಿಲ್ಲಿಸಬೇಕಿತ್ತು. ತಮ್ಮ ಹಾಗಂತ ಕೂಗಿದ್ದನಂತೆ, ನನಗೆ ಕೇಳಿಸಲಿಲ್ಲವಂತೆ. ಕೇಳಿಸಿತ್ತು.

ಮುಂದಿನ ಸಲದವರೆಗೆ ದಿನಾ ಚಾಪೆಯ ಮೇಲೆ ಇಪ್ಪತ್ತು. ಕೈ ಬೀಸುವ ಬಲಕ್ಕೆ ವಾರಕ್ಕೆರಡು ದಿನ ಈಜು. ಎಂಟನೇ ಸೆಷನ್‌ಗೆ ತಿರುಗಿಸುವುದನ್ನು ನೋಡೋಣ.

ಸೂಟ್ ಸಿಹಿನೀರಿನಲ್ಲಿ ತೊಳೆದು ಬಚ್ಚಲಲ್ಲಿ ನೇತುಹಾಕಿದ್ದೇನೆ. ಇವತ್ತು ಬುಧವಾರ. ಎಡತೋಳು ಇನ್ನೂ ತೊಟ್ಟಿಕ್ಕುತ್ತಿದೆ.