ಹಾಜರಿ ಪುಸ್ತಕವಿಲ್ಲದ ಬುಧವಾರಗಳು

ನಮ್ಮ ಕಾಲದ ವಿಶ್ವವಿದ್ಯಾಲಯ ಲೈಬ್ರರಿಯಲ್ಲಿ ಪರೀಕ್ಷೆಗೆ ಆರು ವಾರ ಇರುವಾಗ ಬುಧವಾರದ ಕಾರ್ಯಕ್ರಮಗಳು ಶುರುವಾಗುತ್ತಿದ್ದವು. ಸಂಜೆ ನಿಯತಕಾಲಿಕ ವಿಭಾಗದ ಮೇಜುಗಳನ್ನು ಜೋಡಿಸಿದರೆ ಒಂದು ಕಡೆ ವಿದ್ಯಾರ್ಥಿಗಳ ಮನಸ್ಸಿನ ಕ್ಷೇಮದ ಮಾತು, ಇನ್ನೊಂದು ಕಡೆ ತಂತ್ರಜ್ಞಾನದ ಸರಿ-ತಪ್ಪಿನ ಚರ್ಚೆ. ಇವೆರಡಕ್ಕೂ ಏನು ಸಂಬಂಧ ಎನ್ನುವವರಿಗೆ ಉತ್ತರ ಬಾಗಿಲಲ್ಲೇ ಸಿಗುತ್ತಿತ್ತು.

ಮೊದಲ ವಾರಗಳಲ್ಲಿ ಜನವೇ ಬರಲಿಲ್ಲ. ಬಾಗಿಲಿನ ಮೇಲೆ ‘ಒತ್ತಡ ನಿರ್ವಹಣೆ’ ಎಂಬ ಬ್ಯಾನರ್, ಅದರ ಕೆಳಗೇ ಹೆಸರು, ರೋಲ್ ನಂಬರ್, ವಿಭಾಗ ಬರೆಯುವ ಹಾಜರಿ ಪುಸ್ತಕ. ಅಲ್ಲಿ ಸಹಿ ಹಾಕುವುದೆಂದರೆ ‘ನನಗೆ ತೊಂದರೆಯಿದೆ’ ಎಂದು ಬರೆದುಕೊಟ್ಟಂತೆ. ಪುಸ್ತಕ ತೆಗೆದು ಗಾಜಿನ ಜಾಡಿ ಇಟ್ಟರು. ಒಳಗೆ ಬಂದವರು ಒಂದೊಂದು ಮಣಿ ಹಾಕಬೇಕು, ಅಷ್ಟೆ. ವರದಿಗೆ ಬೇಕಾದ ಸಂಖ್ಯೆ ಸಿಕ್ಕಿತು, ಹೆಸರು ಯಾರಿಗೂ ಸಿಗಲಿಲ್ಲ. ಓದುಗರ ಖಾಸಗಿ ಸಂಗತಿ ಹೊರಗೆ ಹೋಗಬಾರದು ಎನ್ನುವುದು ಗ್ರಂಥಪಾಲಕರ ವೃತ್ತಿಯಲ್ಲಿ ಹಳೆಯ ನೇಮ. ಅಮೆರಿಕದ ಗ್ರಂಥಾಲಯ ಸಂಘ 1939ರ ನೀತಿಸಂಹಿತೆಯಲ್ಲೇ ಅದನ್ನು ಬರೆದಿಟ್ಟಿದೆ. ಬ್ಯಾನರ್ ಕೂಡ ಬದಲಾಯಿತು: ‘ಓದಿದ್ದು ತಲೆಯಲ್ಲಿ ನಿಲ್ಲುತ್ತಿಲ್ಲವೆ?’

ಆಪ್ತಸಮಾಲೋಚಕರನ್ನು ವೇದಿಕೆಗೆ ಹತ್ತಿಸುವುದು ಸಾಮಾನ್ಯ ತಪ್ಪು. ಹದಿನೈದು ನಿಮಿಷ ಮಾತಾಡಲಿ. ಆಮೇಲೆ ಬಾಗಿಲಿನಿಂದ ಕಾಣದ ಮೂಲೆಯ ಮೇಜಿನಲ್ಲಿ ಲೈಬ್ರರಿ ಮುಚ್ಚುವವರೆಗೆ ಕೂತಿರಲಿ. ಕುರ್ಚಿಗಳು ಎದುರುಬದುರು ಬೇಡ, ಮೇಜಿನ ಮೂಲೆಗೆ ಓರೆಯಾಗಿರಲಿ. ಕಣ್ಣಿಗೆ ಕಣ್ಣು ಕೊಡದೆ ಮಾತಾಡಲು ಸುಲಭ. ಮೊಬೈಲುಗಳನ್ನು ಒಂದೇ ಪೆಟ್ಟಿಗೆಗೆ ಹಾಕಿಸುವ ಪ್ರಯೋಗ ಮಾತ್ರ ಕೆಟ್ಟಿತು. ಮನೆಯಿಂದ ಕರೆ ಬರಬೇಕಾದವರ ಕಣ್ಣೆಲ್ಲ ಪೆಟ್ಟಿಗೆಯ ಮೇಲೇ. ಸದ್ದು ನಿಲ್ಲಿಸಿ ಅವರವರ ಚೀಲದಲ್ಲೇ ಇಡಿಸಿ, 25 ನಿಮಿಷ ಓದು, 5 ನಿಮಿಷ ಬಿಡುವು ಎಂದಾಗ ಕೆಲಸ ಸಾಗಿತು.

ಎಲ್ಲಕ್ಕಿಂತ ಹೆಚ್ಚು ಜನ ಸೇರುತ್ತಿದ್ದದ್ದು ಮಣಿ ಮೇಜಿಗೆ. ಪ್ರಶ್ನೆ ಇಷ್ಟು: ಗೇಟಿನ ಕಾರ್ಡು, ಲಾಗಿನ್ ಸಮಯ, ಅಂಕಗಳನ್ನೆಲ್ಲ ನೋಡಿ ಕಷ್ಟದಲ್ಲಿರುವ ವಿದ್ಯಾರ್ಥಿಯನ್ನು ತಂತ್ರಾಂಶವೇ ಗುರುತಿಸಲಿ ಎಂದರೆ ಏನಾಗುತ್ತದೆ? ಮೇಜಿನ ಮೇಲೆ 1000 ಮಣಿ ಸುರಿಯುತ್ತಾರೆ: 990 ಬಿಳಿ, 10 ಕೆಂಪು. ಕೆಂಪು ಎಂದರೆ ನಿಜವಾಗಿ ಕಷ್ಟದಲ್ಲಿರುವವರು. ಯಂತ್ರ ಕೆಂಪಿನಲ್ಲಿ ನೂರಕ್ಕೆ 90ನ್ನು ಹಿಡಿಯುತ್ತದೆ, ಬಿಳಿಯಲ್ಲಿ ನೂರಕ್ಕೆ 10ನ್ನು ತಪ್ಪಾಗಿ ಕೆಂಪೆನ್ನುತ್ತದೆ ಎಂದಿಟ್ಟುಕೊಳ್ಳಿ. ಕೇಳಲು ಒಳ್ಳೆಯ ಯಂತ್ರವೇ. ಈಗ ತಟ್ಟೆಗೆ ಎತ್ತಿಡಿ: 9 ಕೆಂಪು, 99 ಬಿಳಿ. ಹೆಸರು ಬಂದ 108 ಮಂದಿಯಲ್ಲಿ ಹನ್ನೆರಡಕ್ಕೆ ಒಬ್ಬರು ಮಾತ್ರ ನಿಜ. ಉಳಿದ ಒಂದು ಕೆಂಪು ಮಣಿ ಇನ್ನೂ ಮೇಜಿನ ಮೇಲೇ, ಬಿಳಿಯ ರಾಶಿಯೊಳಗೆ. ಬಿಳಿಯ ತಪ್ಪನ್ನು ನೂರಕ್ಕೆ 1ಕ್ಕೆ ಇಳಿಸಿದರೂ ಹೆಚ್ಚುಕಡಿಮೆ ಅರ್ಧ ಹೆಸರು ತಪ್ಪೇ. ಹುಡುಕುವ ಸಂಗತಿ ಅಪರೂಪವಾದಷ್ಟೂ ತಪ್ಪು ಹೆಸರುಗಳ ಪಾಲು ಏರುತ್ತದೆ. ತಟ್ಟೆ ನೋಡುತ್ತಿದ್ದ ಹಾಗೇ ಪ್ರಶ್ನೆಗಳು ತಾವಾಗಿ ಬರುತ್ತಿದ್ದವು: ಈ ಪಟ್ಟಿ ಯಾರ ಕೈಗೆ ಹೋಗುತ್ತದೆ, ಎಷ್ಟು ದಿನ ಇರುತ್ತದೆ, ತಪ್ಪಾಗಿ ಸೇರಿದ ಹೆಸರನ್ನು ತೆಗೆಯುವವರು ಯಾರು?

ಚಾಟ್‌ಬಾಟ್ ಬಳಿ ಮನಸ್ಸು ಬಿಚ್ಚುವ ವಿಷಯಕ್ಕೆ ಎಲಿಜಾದಿಂದ ಶುರು ಮಾಡುತ್ತಿದ್ದರು. 1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜೆನ್‌ಬಾಮ್ ಪ್ರಕಟಿಸಿದ ಆ ಪ್ರೋಗ್ರಾಂ ನಾವು ಹೇಳಿದ ಮಾತನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುತ್ತಿತ್ತು. ಅದು ಬರೀ ಪ್ರೋಗ್ರಾಂ ಎಂದು ಗೊತ್ತಿದ್ದೂ ಅವರ ಕಾರ್ಯದರ್ಶಿ, ಸ್ವಲ್ಪ ಹೊರಗೆ ಹೋಗಿ ಎಂದು ಅವರನ್ನೇ ಕೇಳಿದರಂತೆ. ಇದನ್ನು ಹೇಳಿ ನಗುವುದು ಸುಲಭ. ಆ ಕಾರ್ಯದರ್ಶಿಗೆ ಬೇಕಿದ್ದದ್ದು ಏಕಾಂತ ಎನ್ನುವುದನ್ನು ಬಿಡಬಾರದು.

ಇನ್ನು ಆಕರಗಳ ಪರೀಕ್ಷೆ. ಎಐ ಕೊಟ್ಟ ಹತ್ತು ಉಲ್ಲೇಖಗಳು, ಐವರ ಗುಂಪು, 40 ನಿಮಿಷ. ಮೊದಲು ಶೀರ್ಷಿಕೆಯನ್ನು ಕ್ಯಾಟಲಾಗಿನಲ್ಲಿ ಹುಡುಕಿ. ಆಮೇಲೆ ಡಿಒಐ, ಅಂದರೆ ಪ್ರತಿ ಲೇಖನಕ್ಕೂ ಕೊಡುವ ಶಾಶ್ವತ ಆನ್‌ಲೈನ್ ಗುರುತು, ತೆರೆದು ಅದೇ ಲೇಖನ ಬರುತ್ತದೆಯೇ ನೋಡಿ. ಕೊನೆಗೆ ಪತ್ರಿಕೆಯ ಆ ಸಂಚಿಕೆಯ ಪರಿವಿಡಿಯಲ್ಲಿ ಪುಟಸಂಖ್ಯೆ ತಾಳೆ ಹಾಕಿ. ಹೆಚ್ಚಿನವರು ಮೋಸಹೋಗುವುದು ಲೇಖಕರೂ ನಿಜ, ಪತ್ರಿಕೆಯೂ ನಿಜ, ಲೇಖನ ಮಾತ್ರ ಇಲ್ಲವೇ ಇಲ್ಲ ಎಂಬ ಕಡೆ. ಲೇಖಕರ ಹೆಸರು ಪರಿಚಿತವಾದ ಕೂಡಲೇ ಹುಡುಕಾಟ ನಿಂತುಬಿಡುತ್ತದೆ. 2023ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದರಲ್ಲಿ ಚಾಟ್‌ಜಿಪಿಟಿ ಕಟ್ಟಿಕೊಟ್ಟ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿ, ಪ್ರಶ್ನೆ ಎದ್ದ ಮೇಲೂ ಅವನ್ನೇ ಸಮರ್ಥಿಸಿಕೊಂಡ ವಕೀಲರಿಗೆ 5,000 ಡಾಲರ್ ದಂಡ ಬಿತ್ತು.

ಇದರ ಮಗ್ಗುಲಲ್ಲೇ ಎಐ ಬರಹ ಪತ್ತೆ ಹಚ್ಚುವ ಸಾಧನಗಳ ಮಾತೂ ಬರಬೇಕು. ಇಂಗ್ಲಿಷ್ ಮಾತೃಭಾಷೆಯಲ್ಲದವರು ಬರೆದ 91 ಟೋಫೆಲ್ (ಇಂಗ್ಲಿಷ್ ಭಾಷಾ ಪರೀಕ್ಷೆ) ಪ್ರಬಂಧಗಳನ್ನು ಇಂಥ ಏಳು ಸಾಧನಗಳಿಗೆ ಕೊಟ್ಟ 2023ರ ಅಧ್ಯಯನದಲ್ಲಿ, ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ಯಂತ್ರ ಬರೆದದ್ದೆಂದು ಅವು ಹೇಳಿದವು. ಸರಳ ಪದ, ಊಹಿಸಬಹುದಾದ ವಾಕ್ಯಗಳೇ ಅಪರಾಧವಾದವು. ಕಳ್ಳತನದ ಆರೋಪ ಹೊತ್ತ ವಿದ್ಯಾರ್ಥಿಗೆ ಯಾವ ಒತ್ತಡ ನಿರ್ವಹಣೆ ಹೇಳಿಕೊಡುತ್ತೀರಿ? ಕರಡುಗಳನ್ನು ತಾರೀಖು ಹಾಕಿ ಉಳಿಸಿಕೊಳ್ಳಿ ಎಂಬ ಬುದ್ಧಿಮಾತು ಅಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಈ ವರ್ಷ ಮಣಿ ಮೇಜು ಹಾಕುವವರಿಗೆ: 990 ಎಣಿಸುತ್ತ ಕೂರಬೇಡಿ. ನೂರು ಮಣಿ ತೂಗಿ, ಅದರ ಹತ್ತರಷ್ಟಕ್ಕೆ ಸ್ವಲ್ಪ ಕಡಿಮೆ ಸುರಿಯಿರಿ. ತಪ್ಪಾಗಿ ಸಿಕ್ಕಿಬೀಳುವ 99ನ್ನು ಮಾತ್ರ ಮೊದಲೇ ಎಣಿಸಿ ಬೇರೆ ಪೊಟ್ಟಣದಲ್ಲಿಡಿ. ಅಂಚಿರುವ ತಟ್ಟೆಯೇ ಬೇಕು, ಇಲ್ಲದಿದ್ದರೆ ಮಣಿಗಳು ಶೆಲ್ಫಿನಡಿಗೆ ಹೋಗುತ್ತವೆ. ಕೆಂಪು ಹನ್ನೆರಡು ಇಟ್ಟುಕೊಂಡಿರಿ. ಪ್ರತಿ ವಾರ ಒಂದಾದರೂ ಕಳೆಯುತ್ತದೆ.